ಹಸಿ ಮರ ಮತ್ತು ಹಂಚಿನ ಮಾಡು

ಕಾಸರಗೋಡಿನ ಚರಿತ್ರೆ ಹೇಳು ಎಂದರೆ ಶಾಲೆಯ ಮಕ್ಕಳು ಬೇಕಲ ಕೋಟೆ, ಇಕ್ಕೇರಿಯ ಅರಸರು, ಕುಂಬಳೆ ಸೀಮೆ, 1956ರ ನವೆಂಬರ್ 1 ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಅದು ಬೇಕು, ಬೇಡವೆಂದಲ್ಲ. ಆದರೆ ನಾವು ದಿನಾ ಯಾವುದರ ಅಡಿಯಲ್ಲಿ ಉಂಡು ಮಲಗುತ್ತೇವೋ ಆ ಮಾಡಿಗೂ ಒಂದು ಚರಿತ್ರೆ ಉಂಟು. ಪಕ್ಕಾಸು, ರೀಪು, ದಾರಂದ, ಬಾಗಿಲು, ಮುಚ್ಚಿಗೆ ಇವುಗಳ ಮರ ಎಲ್ಲಿಂದ ಬಂತು, ಕಡಿದ ಮೇಲೆ ಎಷ್ಟು ಕಾಲ ಒಣಗಿತು, ಒಣಗಿಸಲಿಕ್ಕೆ ಜಾಗ ಯಾರ ಹತ್ತಿರ ಇತ್ತು, ಯಾರ ಹತ್ತಿರ ಇರಲಿಲ್ಲ ಎಂದು ಕೇಳಿಕೊಂಡು ಹೋದರೆ ಊರಿನ ಇನ್ನೂರು ವರ್ಷದ ಕತೆ ಸಿಗುತ್ತದೆ. ನಾನು ಏಳನೇ ಕ್ಲಾಸು ಓದಿದವ. ಬೆಳಿಗ್ಗೆ ತೋಟ, ರಾತ್ರೆ ಹಾಡು, ಇದು ನನ್ನ ಬದುಕು. ಆಚಾರಿಗಳ ಹತ್ತಿರ ಕೂತು ಕೇಳಿದ್ದನ್ನೂ ಈ ವಾಚನಾಲಯದ ಪುಸ್ತಕಗಳಲ್ಲಿ ಓದಿದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ.

ಮೊದಲು ಎಲ್ಲರ ಮನೆಯಲ್ಲೂ ಕಾಣುವ ಒಂದು ಸಂಗತಿ ಹೇಳ್ತೇನೆ. ಹೊಸ ಮನೆ ಒಕ್ಕಲಾದ ದಿನ ಬಾಗಿಲು ನೋಡಲಿಕ್ಕೆ ಬಹಳ ಚಂದ. ಕುಂಭ, ಮೀನ ತಿಂಗಳ ಸೆಕೆ ಬಂದಾಗ ಹಲಗೆ ಹಲಗೆಗಳ ನಡುವೆ ಸಂದು ಬೀಳುತ್ತದೆ, ಆಚೆ ಕೋಣೆಯ ಬೆಳಕು ಈಚೆ ಕಾಣುತ್ತದೆ. ಆಟಿ ತಿಂಗಳ ಮಳೆಗೆ ಅದೇ ಬಾಗಿಲು ದಾರಂದಕ್ಕೆ ಸಿಕ್ಕಿಕೊಂಡು ಕಾಲಿನಿಂದ ಒದ್ದರೂ ಮುಚ್ಚುವುದಿಲ್ಲ. ಆಗ ನಾವು ಆಚಾರಿಗೆ ಬೈಯುತ್ತೇವೆ. ಹೆಚ್ಚಿನ ಸಲ ತಪ್ಪು ಆಚಾರಿಯದ್ದಲ್ಲ, ಮರದ್ದೂ ಅಲ್ಲ. ಮರದ ನೀರು ಇಳಿಯುವ ಮೊದಲೇ ಅದನ್ನು ಬಾಗಿಲು ಮಾಡಿದ್ದಾರೆ, ಅಷ್ಟೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗಾದೆ ಹೇಳುತ್ತೇವೆ. ಆದರೆ ಹಸಿ ಮರ ಮಾತ್ರ ಮನೆಗೆ ಸೇರಿದ ಮೇಲೆಯೂ ಬಗ್ಗುತ್ತದೆ.

ಮರದ ಒಳಗೆ ನೀರು ಎರಡು ಕಡೆ ಇರುತ್ತದೆ. ಸಣ್ಣ ಸಣ್ಣ ಕೊಳವೆಗಳ ಹಾಗಿರುವ ಖಾಲಿ ಜಾಗದಲ್ಲಿ ಒಂದು ಪಾಲು, ಆ ಕೊಳವೆಗಳ ಗೋಡೆಯಲ್ಲಿ ಹೀರಿಕೊಂಡದ್ದು ಇನ್ನೊಂದು ಪಾಲು. ಕಡಿದ ಮರ ಒಣಗುವಾಗ ಕೊಳವೆಯ ನೀರು ಮೊದಲು ಹೋಗುತ್ತದೆ. ಆಗ ಮರ ಹಗುರವಾಗುತ್ತದೆ, ಆದರೆ ಕುಗ್ಗುವುದಿಲ್ಲ. ಒಣ ಮರದ ತೂಕ ನೂರು ಎಂದು ಇಟ್ಟುಕೊಂಡರೆ, ನೀರು ಸುಮಾರು 30ಕ್ಕೆ ಇಳಿದ ಮೇಲೆ ಗೋಡೆಯ ನೀರು ಹೋಗಲು ಸುರುವಾಗುತ್ತದೆ. ಕುಗ್ಗುವುದು, ಸೀಳುವುದು, ಡೊಂಕಾಗುವುದು ಎಲ್ಲ ಅಲ್ಲಿಂದ ಮತ್ತೆ. ಉದ್ದಕ್ಕೆ ಮರ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಗಲಕ್ಕೆ ಕುಗ್ಗುತ್ತದೆ, ಅದರಲ್ಲೂ ಮರದ ಉಂಗುರದ ಸುತ್ತಿಗೆ ಕುಗ್ಗುವುದು ನಡುವಿನಿಂದ ಹೊರಗಿನ ಕಡೆಗೆ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಎಲ್ಲ ಕಡೆಗೆ ಒಂದೇ ಸಮ ಕುಗ್ಗದ ಕಾರಣ ಹಲಗೆ ದೋಣಿಯ ಹಾಗೆ ಬಾಗುತ್ತದೆ. ತೇಗ ಕಡಿಮೆ ಕುಗ್ಗುವ ಮರ ಎಂದು ಹೆಸರು ಪಡೆದದ್ದು. ಅದರ ಒಂದು ಅಡಿ ಅಗಲದ ಹಸಿ ಹಲಗೆಯೂ ಒಣಗಿದಾಗ ಹೆಚ್ಚುಕಡಿಮೆ ಕಾಲು ಇಂಚು ಕಿರಿದಾಗಬಹುದು. ಉಳಿದ ಮರಗಳ ಮಾತು ಹೇಳುವುದೇ ಬೇಡ.

ಮರ ಪೂರ್ತಿ ಒಣಗಿ ಸುಮ್ಮನೆ ಕೂರುವುದೂ ಇಲ್ಲ. ಸುತ್ತಲಿನ ಗಾಳಿಯಲ್ಲಿ ಎಷ್ಟು ತೇವ ಉಂಟೋ ಅದಕ್ಕೆ ಸರಿಯಾಗಿ ನೀರನ್ನು ಇಟ್ಟುಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ಅದು ನೂರಕ್ಕೆ 15ರ ಆಸುಪಾಸು, ಮಳೆಗಾಲದಲ್ಲಿ ಇನ್ನೂ ಮೇಲೆ. ಅಷ್ಟಕ್ಕೆ ಬಂದು ನಿಂತ ಮರ ಕಾಲಕ್ಕೆ ತಕ್ಕ ಹಾಗೆ ಒಂದು ಕೂದಲೆಳೆ ಹಿಗ್ಗುತ್ತದೆ, ಒಂದು ಕೂದಲೆಳೆ ಕುಗ್ಗುತ್ತದೆ. ಅದನ್ನು ಅನುಭವ ಇರುವ ಆಚಾರಿ ಲೆಕ್ಕ ಹಿಡಿದೇ ಬಾಗಿಲು ಕೂರಿಸುತ್ತಾನೆ. ಹಸಿ ಮರದ ಕುಗ್ಗುವಿಕೆಯನ್ನು ಯಾವ ಆಚಾರಿಗೂ ಲೆಕ್ಕ ಹಿಡಿಯಲಿಕ್ಕೆ ಆಗುವುದಿಲ್ಲ.

ಇನ್ನು ಚರಿತ್ರೆಗೆ ಬರುವ. ಹಂಚು ಬರುವ ಮೊದಲು ನಮ್ಮ ಊರಿನ ಹೆಚ್ಚಿನ ಮನೆಗಳು ಮುಳಿಹುಲ್ಲಿನವು, ಇಲ್ಲವೇ ಮಡಲಿನವು, ಸೋಗೆಯವು. ಅದರ ಅಡಿಗೆ ಬಿದಿರು, ಅಡಿಕೆ ಮರದ ಸಲಾಕೆ, ಕಾಡಿನಿಂದ ತಂದ ಉರುಟು ಗಳು. ಮರವನ್ನು ಕೊಯ್ದು ಚೌಕ ಮಾಡುವ ಕೆಲಸವೇ ಇರಲಿಲ್ಲ. ಹುಲ್ಲಿನ ಮಾಡಿಗೆ ಒಂದು ಗುಣ ಉಂಟು. ಅಡಿಯ ಗಳು ನಾಲ್ಕು ಬೆರಳು ಬಾಗಿದರೂ ಹುಲ್ಲು ಅದರ ಒಟ್ಟಿಗೆ ಬಾಗುತ್ತದೆ, ನೀರು ಒಳಗೆ ಬರುವುದಿಲ್ಲ. ಹೇಗೂ ವರ್ಷಕ್ಕೊಮ್ಮೆ ಹುಲ್ಲು ಬದಲಿಸಲಿಕ್ಕೆ ಮೇಲೆ ಹತ್ತಬೇಕು, ಹಾಳಾದ ಗಳುವನ್ನು ಅದೇ ದಿನ ತೆಗೆದು ಬೇರೆ ಹಾಕಬಹುದು. ಆದ ಕಾರಣ ಸಾಧಾರಣ ಮನುಷ್ಯನಿಗೆ ಮರ ಒಣಗಿಸುವ ವಿದ್ಯೆಯ ಅಗತ್ಯ ಅಷ್ಟಾಗಿ ಬೀಳಲಿಲ್ಲ.

ಆ ವಿದ್ಯೆ ಇದ್ದದ್ದು ದೇವಸ್ಥಾನ, ಬೀಡು, ಗುತ್ತು, ದೊಡ್ಡ ಮನೆಗಳಲ್ಲಿ. ಮಧೂರು ದೇವಸ್ಥಾನಕ್ಕೆ ಹೋದವರು ತಾಮ್ರ ಹೊದೆಸಿದ ಆನೆ ಬೆನ್ನಿನ ಮಾಡನ್ನೂ ಮರದಲ್ಲಿ ಕೊರೆದ ರಾಮಾಯಣದ ಕೆತ್ತನೆಯನ್ನೂ ನೋಡಿರುತ್ತೀರಿ. ಹಸಿ ಮರದಲ್ಲಿ ಅಂಥ ಕೆತ್ತನೆ ಮಾಡಿದರೆ ಎರಡು ಬೇಸಿಗೆಯಲ್ಲಿ ಮೂಗು ಒಂದು ಕಡೆ, ಕಣ್ಣು ಒಂದು ಕಡೆ ಸೀಳಿ ಹೋಗುತ್ತದೆ. ಕ್ರಿಸ್ತಶಕ ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಿಗ್ರಹಕ್ಕೆ ಮರ ಆರಿಸಲು ಕಾಡಿಗೆ ಹೋಗುವ ಬಗ್ಗೆಯೇ ಒಂದು ಅಧ್ಯಾಯ ಉಂಟು. ಎಂಥ ಮರ ಆಗುತ್ತದೆ, ಎಂಥದ್ದು ಆಗುವುದಿಲ್ಲ ಎಂದು ವಿಚಾರ ಮಾಡಿ ಕಡಿಯುವ ಕ್ರಮ ಅಷ್ಟು ಹಳೆಯದು.

ನಮ್ಮ ಹಿರಿಯ ಆಚಾರಿಗಳ ಕ್ರಮ ಹೀಗಿತ್ತು. ಮಳೆ ಪೂರ್ತಿ ಬಿಟ್ಟ ಮೇಲೆ, ಧನು ಮಕರ ತಿಂಗಳಲ್ಲಿ, ಕೃಷ್ಣಪಕ್ಷ ನೋಡಿ ಮರ ಕಡಿಯುವುದು. ಪಕ್ಷದ ವಿಷಯ ನಂಬಿಕೆ. ಆದರೆ ಬೇಸಾಯದ ಕೆಲಸ ಕಡಿಮೆ, ಗದ್ದೆ ಒಣಗಿ ಗಾಡಿ ಹೋಗುತ್ತದೆ, ಗಾಳಿಯಲ್ಲಿ ತೇವ ಇಲ್ಲದ ಕಾರಣ ಮರಕ್ಕೆ ಬೂಷ್ಟು ಹಿಡಿಯುವುದಿಲ್ಲ ಎಂಬ ಮೂರು ಕಾರಣ ಯಾರೂ ಒಪ್ಪುವಂಥದ್ದು. ಮಾವು, ಹಲಸಿನಂಥ ಮರದ ದಿಮ್ಮಿಯನ್ನು ಕೆಲವರು ಕೆರೆಯಲ್ಲೋ ತೋಡಿನ ಗುಂಡಿಯಲ್ಲೋ ಕೆಲವು ತಿಂಗಳು ಮುಳುಗಿಸಿ ಇಡುತ್ತಿದ್ದರು. ನೀರಿನಲ್ಲಿಟ್ಟರೆ ಮರ ಒಣಗುವುದು ಹೇಗೆ ಎಂದು ನಗಬೇಡಿ. ಮರದೊಳಗಿನ ಸಿಹಿರಸ ನೀರಿಗೆ ಬಿಟ್ಟು ಹೋಗುತ್ತದೆ, ಅದನ್ನು ತಿನ್ನಲು ಬರುವ ಕುಟ್ಟೆ ಹುಳ ಕಡಿಮೆಯಾಗುತ್ತದೆ. ಮತ್ತೆ ಮೇಲೆ ತೆಗೆದು ಕೊಯ್ದು ನೆರಳಿನಲ್ಲಿ ಒಣಗಿಸಲೇ ಬೇಕು. ಕೊಯ್ದ ಹಲಗೆಗಳನ್ನು ಅಡಿಗೆಕೋಣೆಯ ಮೇಲಿನ ಅಟ್ಟಕ್ಕೆ ಏರಿಸಿದರೆ ಒಲೆಯ ಹೊಗೆ ತಾಗಿ ಹುಳ ಹತ್ತಿರ ಬರುವುದಿಲ್ಲ. ದೊಡ್ಡ ಮನೆಗಳ ಅಟ್ಟದಲ್ಲಿ ಅಜ್ಜ ಇಟ್ಟ ಹಲಗೆಯಿಂದ ಪುಳ್ಳಿಯ ಮದುವೆಗೆ ಪೆಟ್ಟಿಗೆ ಮಾಡಿದ್ದುಂಟು.

ಊರಿನ ಆಚಾರಿಗೆ ಗೊತ್ತಿದ್ದ ಈ ವಿಷಯ ಇಂಗ್ಲಿಷರ ಸರಕಾರಕ್ಕೆ ದೊಡ್ಡದಾಗಿ ಕಂಡದ್ದು ಹಡಗಿನ ಕಾರಣದಿಂದ. ಅವರ ದೇಶದಲ್ಲಿ ಓಕ್ ಮರ ಕಡಿಮೆಯಾಗಿತ್ತು, ಯುದ್ಧದ ಹಡಗಿಗೆ ಮರ ಬೇಕಿತ್ತು. 1806ರಲ್ಲಿ ಮಲಬಾರಿನ ತೇಗ ಸಿಗುವ ಹಾಗೆ ಮಾಡಲಿಕ್ಕೆ ಕ್ಯಾಪ್ಟನ್ ವಾಟ್ಸನ್ ಎಂಬವರನ್ನು ಕಾಡಿನ ಮೇಲೆ ಅಧಿಕಾರಿಯಾಗಿ ನೇಮಿಸಿದರು. ಜಮೀನಿನವರೂ ಮರದ ವ್ಯಾಪಾರಿಗಳೂ ವಿರೋಧ ಮಾಡಿದ ಮೇಲೆ 1823ರಲ್ಲಿ ಆ ಹುದ್ದೆಯನ್ನೇ ತೆಗೆದು ಹಾಕಿದರು. ಅದರ ನಡುವೆ, 1817ರಲ್ಲಿ, ಮುಂಬಯಿಯಲ್ಲಿ ಪಾರಸಿ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಟ್ರಿಂಕೋಮಲಿ ಎಂಬ ಹಡಗು ಕಟ್ಟಿ ನೀರಿಗೆ ಬಿಟ್ಟರು. ಆ ಹಡಗು ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಎಂಬ ಊರಿನಲ್ಲಿ ನೀರಿನ ಮೇಲೆ ನಿಂತಿದೆ. ಇನ್ನೂರು ವರ್ಷ ದಾಟಿತು.

ಬರ್ಮಾ ದೇಶದಲ್ಲಿ ತೇಗಕ್ಕೆ ಇನ್ನೊಂದು ಕ್ರಮ. ಹಸಿ ತೇಗದ ದಿಮ್ಮಿ ಹೊಳೆಯಲ್ಲಿ ತೇಲುವುದಿಲ್ಲ, ಮುಳುಗುತ್ತದೆ. ಆದ ಕಾರಣ ಮರ ನಿಂತಿರುವಾಗಲೇ ಬುಡದ ಸುತ್ತ ತೊಗಟೆಯನ್ನೂ ಹೊರಗಿನ ಬಿಳಿ ಮರವನ್ನೂ ಉಂಗುರದ ಹಾಗೆ ಕೆತ್ತಿ ತೆಗೆಯುತ್ತಿದ್ದರು. ಬೇರಿನ ನೀರು ಮೇಲೆ ಹೋಗದೆ ಮರ ನಿಂತಲ್ಲೇ ಸತ್ತು ಎರಡು ಮೂರು ವರ್ಷ ಗಾಳಿಗೆ ಒಣಗುತ್ತಿತ್ತು. ಮತ್ತೆ ಕಡಿದು ಹೊಳೆಗೆ ತಳ್ಳಿದರೆ ತೇಲಿಕೊಂಡು ಹೋಗುತ್ತಿತ್ತು. ಹಡಗಿನವರು ಹೀಗೆ ವರ್ಷಗಟ್ಟಲೆ ಕಾಯಲು ತಯಾರಿದ್ದರು. ಅವರ ಹತ್ತಿರ ಕಾಡು ಇತ್ತು, ಹಣ ಇತ್ತು, ಆಳುಗಳಿದ್ದರು. ಈ ಮಾತನ್ನು ನೆನಪಿನಲ್ಲಿ ಇಡಿ, ಮುಂದೆ ಬೇಕಾಗುತ್ತದೆ.

ನಮ್ಮ ಮನೆಗಳ ಕತೆ ತಿರುಗಿದ್ದು 1865ರಲ್ಲಿ. ಆ ವರ್ಷ ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು ಮಂಗಳೂರಿನಲ್ಲಿ ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ಸುರು ಮಾಡಿದರು. ಹೊಳೆಯ ಜೇಡಿಮಣ್ಣು, ಸುಡಲು ಕಟ್ಟಿಗೆ, ಸಾಗಿಸಲು ದೋಣಿ, ಮೂರೂ ಅಲ್ಲಿ ಸಿಗುತ್ತಿತ್ತು. ಮತ್ತೆ ಬೇರೆಯವರೂ ಕಾರ್ಖಾನೆ ಹಾಕಿದರು. ಮಿಶನಿನವರೇ ಕೋಝಿಕ್ಕೋಡು, ಪಾಲಕ್ಕಾಡಿನ ತನಕ ಹೋದರು. ಆಗ ಕಾಸರಗೋಡು ಮದ್ರಾಸಿನ ಅಡಿಯ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದ ಕಾರಣ ಮಂಗಳೂರು ನಮಗೆ ಬೇರೆ ರಾಜ್ಯದ ಪೇಟೆ ಆಗಿರಲಿಲ್ಲ, ನಮ್ಮ ಜಿಲ್ಲೆಯದ್ದೇ ಪೇಟೆ. 1907ರ ಹೊತ್ತಿಗೆ ರೈಲು ಮಂಗಳೂರಿಗೆ ಬಂದ ಮೇಲೆ ಹಂಚು ಕರಾವಳಿಯ ಉದ್ದಕ್ಕೂ ಸುಲಭವಾಗಿ ಹೋಯಿತು.

ಹಂಚು ಬಂದದ್ದು ಒಳ್ಳೆಯದೇ ಆಯಿತು. ಬೆಂಕಿಯ ಹೆದರಿಕೆ ತಪ್ಪಿತು, ವರ್ಷ ವರ್ಷ ಹುಲ್ಲು ಹಾಕುವ ಕೆಲಸ ತಪ್ಪಿತು. ಆದರೆ ಹಂಚಿಗೆ ಹುಲ್ಲಿನ ಹಾಗೆ ಬಾಗುವ ಗುಣ ಇಲ್ಲ. ಒಂದು ಹಂಚಿನ ಅಂಚು ಇನ್ನೊಂದರ ಗಾಡಿಯಲ್ಲಿ ಸರಿಯಾಗಿ ಕೂತರೆ ಮಾತ್ರ ನೀರು ಹೊರಗೆ ಹೋಗುತ್ತದೆ. ಅದಕ್ಕೆ ರೀಪುಗಳು ಅಳತೆ ತಪ್ಪದೆ ಸುಮಾರು ಒಂದೊಂದು ಅಡಿ ದೂರದಲ್ಲಿ ನೇರ ಇರಬೇಕು, ರೀಪು ನೇರ ಇರಬೇಕಾದರೆ ಪಕ್ಕಾಸು ನೇರ ಇರಬೇಕು. ಒಂದು ಪಕ್ಕಾಸು ಒಂದು ಇಂಚು ಸೊಟ್ಟವಾದರೂ ಅಲ್ಲಿ ಹಂಚು ಎದ್ದು ನಿಲ್ಲುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರಿನಲ್ಲಿ ಅಷ್ಟು ಸಂದು ಸಾಕು. ಭಾರವೂ ಹಾಗೆಯೇ. ಒಂದು ಹಂಚು ಎರಡೂವರೆ ಕಿಲೋ ಆಸುಪಾಸು. ಎರಡು ಸಾವಿರ ಹಂಚಿನ ಮನೆ ಎಂದರೆ ತಲೆಯ ಮೇಲೆ ಐದು ಟನ್ನು. ಹಸಿ ಮರ ಒಣ ಮರಕ್ಕಿಂತ ಬಲ ಕಡಿಮೆಯದ್ದು. ಭಾರ ಹೊತ್ತುಕೊಂಡೇ ಒಣಗಿದರೆ ಬಾಗಿದ ರೂಪದಲ್ಲೇ ಗಟ್ಟಿಯಾಗುತ್ತದೆ, ಮತ್ತೆ ನೇರ ಆಗುವುದಿಲ್ಲ.

ಹೀಗೆ ಬೀಡಿನ ಅಟ್ಟದಲ್ಲಿದ್ದ ವಿದ್ಯೆ ಹಂಚಿನ ಜೊತೆ ಸಾಧಾರಣ ಮನೆಗೂ ಬೇಕಾಯಿತು. ಮರ ಕೊಯ್ಯುವ ಜೋಡಿಗಳು ಊರೂರಿಗೆ ಬರುತ್ತಿದ್ದರು. ದಿಮ್ಮಿಯನ್ನು ಎತ್ತರಕ್ಕೆ ಏರಿಸಿ ಒಬ್ಬ ಮೇಲೆ ನಿಂತು, ಒಬ್ಬ ಅಡಿಯಲ್ಲಿ ನಿಂತು ದೊಡ್ಡ ಗರಗಸ ಎಳೆಯುವುದು. ಅಡಿಯಲ್ಲಿ ನಿಂತವನ ಕಣ್ಣಿಗೆಲ್ಲ ಹುಡಿ. ದಿನಕ್ಕೆ ಆಗುವುದು ಕೆಲವೇ ಹಲಗೆ. ಒಂದು ಮನೆಯ ಮರ ಕೊಯ್ದು ಮುಗಿಯುವಾಗ ತಿಂಗಳುಗಳು ಕಳೆಯುತ್ತಿದ್ದವು, ಮೊದಲು ಕೊಯ್ದದ್ದು ಅಷ್ಟರಲ್ಲಿ ಅರ್ಧ ಒಣಗುತ್ತಿತ್ತು. ಕೆಲಸ ನಿಧಾನವಾದದ್ದೇ ಮರಕ್ಕೆ ಉಪಕಾರವಾಯಿತು.

ಕೊಯ್ದ ಮರ ಅಟ್ಟಿ ಕಟ್ಟುವುದನ್ನು ನೋಡಿ ಕಲಿಯಬೇಕು. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಮುರಕಲ್ಲಿನ ಸಾಲು, ಅದರ ಮೇಲೆ ಅಡ್ಡ ಮರ, ಅದರ ಮೇಲೆ ಒಂದು ವರಸೆ ಹಲಗೆ, ಹಲಗೆ ಹಲಗೆಯ ನಡುವೆ ಬೆರಳು ಹೋಗುವಷ್ಟು ಜಾಗ. ಮತ್ತೆ ಒಂದು ಇಂಚಿನ ಒಣ ಪಟ್ಟಿಗಳನ್ನು ಅಡ್ಡ ಇಟ್ಟು ಮೇಲಿನ ವರಸೆ. ಪಟ್ಟಿಗಳೆಲ್ಲ ಒಂದೇ ದಪ್ಪ ಇರಬೇಕು, ಒಂದರ ಮೇಲೆ ಒಂದು ಕಂಬದ ಹಾಗೆ ನೇರ ಕೂರಬೇಕು. ಅದು ತಪ್ಪಿದರೆ ಹಲಗೆ ಅಟ್ಟಿಯಲ್ಲೇ ಬಾಗುತ್ತದೆ. ಮೇಲಿನ ವರಸೆ ಏಳದ ಹಾಗೆ ಕಲ್ಲು ಹೇರುವುದು. ಮಾಡು ಬೇಕು, ಗೋಡೆ ಬೇಡ. ಬಿಸಿಲಿಗೆ ಇಟ್ಟರೆ ಬೇಗ ಒಣಗುತ್ತದಲ್ಲವಾ ಎಂದು ಕೇಳುವವರುಂಟು. ಬಿಸಿಲಿಗೆ ಹೊರಮೈ ಒಣಗಿ ಕುಗ್ಗುತ್ತದೆ, ಒಳಗೆ ಹಸಿ ಇರುತ್ತದೆ, ಹೊರಗಿನ ಚರ್ಮ ಸೀಳುತ್ತದೆ. ಹಲಗೆಯ ಎರಡು ತುದಿಗಳಿಂದ ನೀರು ಎಲ್ಲಕ್ಕಿಂತ ಬೇಗ ಹೋಗುವ ಕಾರಣ ತುದಿಗೆ ಸೆಗಣಿ ಕೆಮ್ಮಣ್ಣು ಕಲಸಿ ಮೆತ್ತುತ್ತಿದ್ದರು. ಈಗ ಪೈಂಟು ಹಚ್ಚಿದರೂ ಆಗುತ್ತದೆ.

ಎಷ್ಟು ಕಾಲ ಬೇಕು? ಒಂದು ಇಂಚಿನ ದಪ್ಪಕ್ಕೆ ಒಂದು ವರ್ಷ ಎಂದು ಮೋಟಾಗಿ ಹೇಳುವ ಲೆಕ್ಕ ಹಲವು ದೇಶಗಳಲ್ಲಿ ಉಂಟು. ಮರ ಹಗುರವಾದರೆ ಇನ್ನೂ ಬೇಗ ಆಗುತ್ತದೆ, ಕಿರಾಲ್‌ಬೋಗಿಯಂಥ ಗಟ್ಟಿ ಮರವಾದರೆ ಇನ್ನೂ ತಡ. ದಪ್ಪ ಎರಡು ಪಟ್ಟಾದರೆ ಕಾಲ ಎರಡು ಪಟ್ಟಿಗಿಂತ ಎಷ್ಟೋ ಜಾಸ್ತಿ. ನಮ್ಮ ಕಡೆ ತುಲಾ ತಿಂಗಳಿನಿಂದ ಮೇಷ ತಿಂಗಳ ತನಕದ ಗಾಳಿ ಒಣಗಿಸುತ್ತದೆ, ಮಳೆಗಾಲದಲ್ಲಿ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಅದಕ್ಕೇ ಹಿರಿಯರು ವರ್ಷ ಲೆಕ್ಕ ಮಾಡುವ ಬದಲು ಬೇಸಿಗೆ ಲೆಕ್ಕ ಮಾಡುತ್ತಿದ್ದರು. ರೀಪಿಗೆ ಒಂದು ಬೇಸಿಗೆ, ದಾರಂದಕ್ಕೆ ಎರಡು ಬೇಸಿಗೆ.

ಒಣಗಿತೋ ಇಲ್ಲವೋ ಎಂದು ತಿಳಿಯಲು ಅವರು ಬೆರಳಿನ ಗೆಣ್ಣಿನಿಂದ ಬಡಿದು ಕೇಳುತ್ತಿದ್ದರು. ಇದು ನಮ್ಮಂಥ ಹಾಡುವವರಿಗೆ ಬೇಗ ಅರ್ಥವಾಗುತ್ತದೆ. ಹಸಿ ಮರದ ಶಬ್ದ ದಪ್ಪ, ಅಲ್ಲಲ್ಲೇ ಸಾಯುತ್ತದೆ. ಒಣ ಮರದ್ದು ಕಣಕಣ ಎಂದು ದೂರ ಹೋಗುತ್ತದೆ. ಚೆಂಡೆ ಮದ್ದಳೆಯ ಮರ ನಮ್ಮಲ್ಲಿ ಹಲಸಿನದ್ದು. ಹಸಿ ಹಲಸಿನಲ್ಲಿ ಕಡೆದ ಮದ್ದಳೆಯ ಬಾಯಿ ಒಣಗುತ್ತಾ ಉರುಟು ತಪ್ಪಿ ಮೊಟ್ಟೆಯ ಹಾಗಾಗುತ್ತದೆ, ಮತ್ತೆ ಎಷ್ಟು ಬಿಗಿದರೂ ಶ್ರುತಿ ನಿಲ್ಲುವುದಿಲ್ಲ. ಒಂದೇ ಮದ್ದಳೆಗೆ ಇಷ್ಟು ಕಾಯುತ್ತಾರೆ, ಇಡೀ ಮನೆಗೆ ಕಾಯುವುದು ಬೇಡವೇ?

ಬೇಕು ಎಂದು ಹೇಳುವುದು ಸುಲಭ. ಕಾಯಲು ಯಾರಿಂದ ಆಗುತ್ತಿತ್ತು ಎಂದೂ ಕೇಳಬೇಕು. ದಕ್ಷಿಣ ಕನ್ನಡದಲ್ಲಿ ಎರಡು ರೀತಿಯ ಗೇಣಿ ಇತ್ತು, ಮೂಲಗೇಣಿ ಮತ್ತು ಚಾಲಗೇಣಿ. ಮೂಲಗೇಣಿಯವನಿಗೆ ಭೂಮಿ ತಲೆತಲಾಂತರಕ್ಕೆ. ಚಾಲಗೇಣಿಯವನು ಧಣಿಗಳು ಏಳು ಎಂದರೆ ಏಳಬೇಕು. ಇಂದೋ ನಾಳೆಯೋ ಏಳಬೇಕಾದವನು ಎರಡು ಬೇಸಿಗೆ ಮರ ಒಣಗಿಸಿ ಯಾರಿಗೆ ಮನೆ ಕಟ್ಟುವುದು? ಹಿತ್ತಿಲಿನ ಹಲಸಿಗೆ ಧಣಿಗಳ ಒಪ್ಪಿಗೆ ಇಲ್ಲದೆ ಕೊಡಲಿ ತಾಗಿಸುವ ಹಾಗೂ ಇರಲಿಲ್ಲ. ಆದ ಕಾರಣ ಹಂಚು ಬಂದು ನೂರು ವರ್ಷವಾದರೂ ಎಷ್ಟೋ ಒಕ್ಕಲುಗಳ ಮನೆ ಹುಲ್ಲಿನದ್ದೇ ಉಳಿಯಿತು. ನಾನು ಹುಟ್ಟಿದ್ದೂ ಅಂಥ ಮನೆಯಲ್ಲಿ. ಹಿರಿಯರಿಗೆ ತಾಳ್ಮೆ ಇತ್ತು, ಈಗಿನವರಿಗೆ ಇಲ್ಲ ಎಂದು ಭಾಷಣದಲ್ಲಿ ಹೇಳುವವರುಂಟು. ಅದು ಅರ್ಧ ಸತ್ಯ. ತಾಳ್ಮೆ ಎಲ್ಲರಿಗೂ ಇತ್ತು. ಅಟ್ಟ, ಕೊಟ್ಟಿಗೆ, ಮರ ಇವು ಎಲ್ಲರಿಗೂ ಇರಲಿಲ್ಲ.

1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಕೇರಳದ ಭೂಸುಧಾರಣೆಯ ತಿದ್ದುಪಡಿ ಕಾನೂನು 1970ರ ಜನವರಿ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿ ಮುಗಿಯಿತು. ಒಕ್ಕಲುಗಳ ಕೈಗೆ ಪಟ್ಟೆ ಬಂತು. ಬೇರೆಯವರ ಜಾಗದಲ್ಲಿ ಗುಡಿಸಲು ಹಾಕಿದ್ದವರಿಗೆ ಪಂಚಾಯತಿನಲ್ಲಾದರೆ 10 ಸೆಂಟ್ಸ್ ತನಕ ಜಾಗದ ಹಕ್ಕು ಬಂತು. ನಮ್ಮ ಬೈಲಿನಲ್ಲಿ ಆ ನಂತರದ ಹತ್ತು ಹದಿನೈದು ವರ್ಷದಲ್ಲಿ ಹುಲ್ಲಿನ ಮಾಡು ಹೋಗಿ ಹಂಚಿನ ಮಾಡು ಬಂತು, ನಮ್ಮ ಮನೆಯೂ ಅದರಲ್ಲಿ ಒಂದು. ಸ್ವಂತ ಮಾಡಿನ ಅಡಿ ಮಲಗುವ ಆಸೆಗೆ ಯಾರೂ ಕಾಯಲಿಲ್ಲ. ಕಾಯಲಿಕ್ಕೆ ಜಾಗವೂ ಇರಲಿಲ್ಲ. ಹತ್ತು ಸೆಂಟ್ಸಿನಲ್ಲಿ ಮನೆ, ಬಾವಿ, ಹಟ್ಟಿ ಆದ ಮೇಲೆ ಮರದ ಅಟ್ಟಿ ಎಲ್ಲಿ ಕಟ್ಟುವುದು? ಅದೇ ಕಾಲಕ್ಕೆ ಮರದ ಮಿಲ್ಲುಗಳೂ ಹತ್ತಿರ ಹತ್ತಿರ ಬಂದವು. ಜೋಡಿ ಗರಗಸದವರು ಒಂದು ತಿಂಗಳು ಕೊಯ್ಯುವುದನ್ನು ಮಿಲ್ಲು ಒಂದು ಮಧ್ಯಾಹ್ನದಲ್ಲಿ ಕೊಯ್ದು ಕೊಡುತ್ತದೆ. ಬೆಳಿಗ್ಗೆ ಮರವಾಗಿದ್ದದ್ದು ಸಂಜೆಗೆ ಪಕ್ಕಾಸಾಗಿ ಮನೆಗೆ ಬರುತ್ತದೆ. ಕೊಯ್ಯುವ ಕೆಲಸ ಬೇಗ ಆಯಿತು, ಮರ ಒಣಗುವ ವೇಗ ಮಾತ್ರ ಅಜ್ಜನ ಕಾಲದ್ದೇ.

ನಮ್ಮ ಊರಿನದ್ದೇ ಒಂದು ಉದಾಹರಣೆ. ಅಣ್ಣತಮ್ಮಂದಿರಿಗೆ ಪಾಲಾಗುವಾಗ ಒಂದು ದೊಡ್ಡ ಹಲಸಿನ ಮರವನ್ನೂ ಕಡಿದು ಸಮಪಾಲು ಮಾಡಿದರು. ಮಿಲ್ಲು ಒಂದೇ, ಕೊಯ್ದ ದಿನ ಒಂದೇ. ಅಣ್ಣನ ಮನೆಯಲ್ಲಿ ಮಗಳ ಮದುವೆ ಇದ್ದ ಕಾರಣ ಅದೇ ತಿಂಗಳು ಬಾಗಿಲು ದಾರಂದ ಆಯಿತು. ತಮ್ಮನ ಕೈಯಲ್ಲಿ ಆಗ ಹಣ ಇರಲಿಲ್ಲ. ಹಲಗೆಗಳು ಹಟ್ಟಿಯ ಅಟ್ಟದಲ್ಲಿ ಎರಡು ವರ್ಷ ಬಿದ್ದುಕೊಂಡಿದ್ದವು. ಮತ್ತೆ ಅದೇ ಆಚಾರಿ ಬಂದು ಬಾಗಿಲು ಮಾಡಿದ. ಈಗ ಇಪ್ಪತ್ತು ವರ್ಷವಾಯಿತು. ಅಣ್ಣನ ಬಾಗಿಲನ್ನು ಮೂರು ಸಲ ಕೀಸಿದ್ದಾರೆ, ಮಳೆಗಾಲಕ್ಕೆಂದು ಕೀಸಿದ್ದು ಬೇಸಿಗೆಗೆ ಸಡಿಲ. ತಮ್ಮನ ಬಾಗಿಲನ್ನು ಮಗು ಒಂದು ಕೈಯಲ್ಲಿ ಮುಚ್ಚುತ್ತದೆ. ಹಣ ಇಲ್ಲದ್ದರಿಂದ ತಮ್ಮನಿಗೆ ಒಳ್ಳೆಯ ಬಾಗಿಲು ಸಿಕ್ಕಿತು ಎಂದು ಊರಿನವರು ತಮಾಷೆ ಮಾಡುವುದುಂಟು. ನಿಜ ಹೇಳಬೇಕಾದರೆ ಸಿಕ್ಕಿದ್ದು ಹಟ್ಟಿಯ ಅಟ್ಟ ಇದ್ದ ಕಾರಣ.

ಡೆಹರಾಡೂನಿನಲ್ಲಿ 1906ರಲ್ಲಿ ಸುರುವಾದ ಅರಣ್ಯ ಸಂಶೋಧನೆಯ ಸಂಸ್ಥೆಯಂಥ ಕಡೆಗಳಲ್ಲಿ ನಮ್ಮ ದೇಶದ ಮರಗಳನ್ನು ಒಣಗಿಸುವ ಕ್ರಮವನ್ನು ಶಾಸ್ತ್ರೀಯವಾಗಿ ಪರೀಕ್ಷೆ ಮಾಡಿದ್ದಾರೆ. ಬಿಸಿಗಾಳಿಯ ಕೋಣೆಯಲ್ಲಿ ತೇವವನ್ನು ಹಿಡಿತದಲ್ಲಿಟ್ಟು ತಿಂಗಳುಗಳ ಕೆಲಸವನ್ನು ದಿನಗಳಲ್ಲಿ, ವಾರಗಳಲ್ಲಿ ಮುಗಿಸುವ ಯಂತ್ರಗಳುಂಟು. ನಮ್ಮ ಗುಡ್ಡೆಗಳಲ್ಲಿ ಬೆಳೆಯುವ ರಬ್ಬರಿನ ಮರ ಹಿಂದೆ ಒಲೆಗೆ ಮಾತ್ರ ಆಗುತ್ತಿತ್ತು. ಈಗ ಮದ್ದು ಹಾಕಿ ಅಂಥ ಕೋಣೆಯಲ್ಲಿ ಒಣಗಿಸಿ ಮೇಜು ಕುರ್ಚಿ ಮಾಡುತ್ತಾರೆ. ಆದರೆ ಹಿತ್ತಿಲಿನ ಒಂದು ಹಲಸು, ಒಂದು ಅಕೇಶಿಯಾ ಕಡಿಸುವ ಮನೆಯವನಿಗೆ ಆ ಯಂತ್ರ ಎಟುಕುವುದಿಲ್ಲ. ಅವನಿಗೆ ಇರುವುದು ಗಾಳಿ ಮಾತ್ರ. ಗಾಳಿಗೆ ದುಡ್ಡಿಲ್ಲ.

ಹೆದ್ದಾರಿ ಅಗಲ ಮಾಡುವಾಗ ನಮ್ಮ ಕಡೆ ರಸ್ತೆಬದಿಯ ಎಷ್ಟೋ ಹಳೆಯ ಮನೆಗಳು ಹೋದವು. ಅದರ ಪಕ್ಕಾಸು, ತೊಲೆ, ದಾರಂದ ಕೊಂಡುಕೊಳ್ಳಲು ಹಳೆ ಮರದ ವ್ಯಾಪಾರಿಗಳು ಲಾರಿ ತಂದು ನಿಂತಿದ್ದರು. ಹೊಸ ಮರ ಬಿಟ್ಟು ಹಳೆಯದಕ್ಕೆ ಯಾಕೆ ಇಷ್ಟು ಬೆಲೆ? ಅದು ಕುಗ್ಗುವಷ್ಟು ಕುಗ್ಗಿ ಆಗಿದೆ, ಇನ್ನು ಮೋಸ ಮಾಡುವುದಿಲ್ಲ. ಕೊಡುವಾಗ ಆಚಾರಿಗೆ ಒಮ್ಮೆ ತೋರಿಸಿ ಕೊಡಿ ಎಂದು ಮಾತ್ರ ಹೇಳುತ್ತೇನೆ. ಗುಜರಿಯ ತೂಕಕ್ಕೆ ಕೊಟ್ಟ ಹೊರೆಯಲ್ಲಿ ಅಜ್ಜ ಎರಡು ಬೇಸಿಗೆ ಒಣಗಿಸಿ ಇಟ್ಟ ಹೆಬ್ಬಲಸು ಇರಬಹುದು.

ಶಾಲೆಯ ಮಾಷ್ಟ್ರುಗಳಿಗೂ ಟೀಚರುಗಳಿಗೂ ಒಂದು ಮಾತು. ಮಕ್ಕಳ ಕೈಯಲ್ಲಿ ಇದನ್ನು ಮಾಡಿಸಿ ನೋಡಬಹುದು. ಮಿಲ್ಲಿನಿಂದ ಆಗಷ್ಟೇ ಕೊಯ್ದ ಮರದ ಒಂದು ತುಂಡು ತಂದು ತೂಕ ಮಾಡಿ, ಅಗಲ ಅಳೆದು ಗೋಡೆಯಲ್ಲಿ ಬರೆಯಿರಿ. ನೆರಳಿನಲ್ಲಿ ಇಟ್ಟು ಪ್ರತಿ ಸೋಮವಾರ ತೂಗಿ. ಮೊದಲಿನ ವಾರಗಳಲ್ಲಿ ತೂಕ ಬೇಗ ಇಳಿಯುತ್ತದೆ, ಅಗಲ ಹಾಗೆಯೇ ಇರುತ್ತದೆ. ಮತ್ತೆ ತೂಕ ನಿಧಾನ ಇಳಿಯುತ್ತದೆ, ಅಗಲ ಕಡಿಮೆಯಾಗಲು ಸುರುವಾಗುತ್ತದೆ. ತೂಕ ಇಳಿಯುವುದು ನಿಂತರೆ ಆ ಮರ ನಮ್ಮ ಊರಿನ ಗಾಳಿಗೆ ಹೊಂದಿಕೊಂಡಿತು ಎಂದು ಲೆಕ್ಕ. ಹಸಿ ತುಂಡು 900 ಗ್ರಾಂ ಇದ್ದು, ಪೂರ್ತಿ ಒಣಗಿಸಿದಾಗ 600 ಗ್ರಾಂ ಆದರೆ ಹೋದ ನೀರು 300 ಗ್ರಾಂ, ಅಂದರೆ ಒಣ ಮರದ ನೂರಕ್ಕೆ 50. ಗಣಿತ, ವಿಜ್ಞಾನ, ಊರಿನ ಚರಿತ್ರೆ ಮೂರೂ ಒಂದು ಮರದ ತುಂಡಿನಲ್ಲಿ ಆಗುತ್ತದೆ. ಆ ನೆಪದಲ್ಲಿ ಒಬ್ಬ ಆಚಾರಿಯನ್ನು ಕ್ಲಾಸಿಗೆ ಕರೆಯಿರಿ. ನಾವು ದಾರಂದ ಎಂದು ಹೇಳುವುದಕ್ಕೆ ಮಲಯಾಳದಲ್ಲಿ ಕಟ್ಟಿಳ, ಪಕ್ಕಾಸಿಗೆ ಕಳುಕ್ಕೋಲು. ಒಂದೇ ಮನೆಯ ಕೆಲಸದಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಓಡಾಡುವ ಊರು ನಮ್ಮದು. ಈ ಶಬ್ದಗಳನ್ನು ಆಚಾರಿಯ ಬಾಯಲ್ಲೇ ಕೇಳಬೇಕು.

ಕಡೆಗೆ ನಮ್ಮ ವಾಚನಾಲಯದ ವಿಷಯ. ಇದರ ಮಾಡಿನ ಪಕ್ಕಾಸು ಬದಲಿಸಬೇಕೆಂದು ಸಮಿತಿಯಲ್ಲಿ ಮಾತು ಬಂದಿದೆ. ಮರ ಕೊಡುತ್ತೇವೆ ಎಂದು ಎರಡು ಮನೆಯವರು ಮುಂದೆ ಬಂದಿದ್ದಾರೆ. ಬರುವ ಮಳೆಗಾಲದ ಮೊದಲೇ ಮುಗಿಸಬೇಕು ಎನ್ನುವವರುಂಟು. ಕಪಾಟಿನ ಪುಸ್ತಕಗಳಿಗೆ ನೀರು ತಾಗುವ ಹೆದರಿಕೆ ಅವರಿಗೆ, ಅದು ಸುಳ್ಳಲ್ಲ. ಒಂದು ಮಳೆಗಾಲಕ್ಕೆ ಮೇಲೆ ತಗಡು ಹೊದೆಸಿದರೆ ಪುಸ್ತಕ ಉಳಿಯುತ್ತದೆ. ಹಸಿ ಪಕ್ಕಾಸು ಏರಿಸಿದರೆ ಪ್ರತಿ ಮಳೆಗಾಲಕ್ಕೂ ತಗಡೇ ಗತಿ. ನನ್ನ ಕೋರಿಕೆ ಇಷ್ಟು. ವಾಚನಾಲಯದ ಹಿಂದಿನ ಜಾಗದಲ್ಲಿ ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲಕ್ಕೆ ತೆಂಗಿನ ಕಂಬ ಊರಿ ಹಳೆಯ ಹಂಚು ಹೊದೆಸಿ, ಗೋಡೆ ಇಲ್ಲದ ಒಂದು ಚಪ್ಪರ ಮಾಡುವ. ನಮ್ಮ ಪಕ್ಕಾಸು ಅಲ್ಲಿ ಒಣಗಲಿ. ಉಳಿದ ಜಾಗದಲ್ಲಿ ಹತ್ತು ಸೆಂಟ್ಸಿನವರೂ ಐದು ಸೆಂಟ್ಸಿನವರೂ ಮನೆ ಕಟ್ಟುವ ಎರಡು ವರ್ಷ ಮೊದಲು ತಮ್ಮ ಮರ ತಂದು ಅಟ್ಟಿ ಕಟ್ಟಲಿ. ಹಲಗೆಯ ತುದಿಯಲ್ಲಿ ಹೆಸರು, ಕೊಯ್ದ ತಾರೀಕು ಬರೆದರೆ ಸಾಕು. ಪುಸ್ತಕಕ್ಕೆ ಇಟ್ಟ ಹಾಗೆ ಮರಕ್ಕೂ ಒಂದು ರಿಜಿಸ್ಟ್ರಿ.

ಬೀಡಿಗೆ ಅಟ್ಟ ಇತ್ತು, ಹಡಗಿನವರಿಗೆ ಕಾಡು ಇತ್ತು. ಒಕ್ಕಲಿಗೆ ಎರಡೂ ಇರಲಿಲ್ಲ. ಊರಿಗೇ ಒಂದು ಚಪ್ಪರ ಇದ್ದರೆ ಆ ಕೊರತೆ ಸ್ವಲ್ಪವಾದರೂ ತೀರುತ್ತದೆ. ಕಂಬಕ್ಕೆ ಎರಡು ಹಳೆಯ ತೆಂಗಿನ ಮರ ನನ್ನ ತೋಟದಲ್ಲಿ ಉಂಟು, ಕೊಡುತ್ತೇನೆ. ಹಳೆಯ ಹಂಚು ಯಾರಲ್ಲಿ ಉಂಟು ಎಂದು ಸಮಿತಿಯವರಿಗೆ ತಿಳಿಸಿ. ತುಲಾ ತಿಂಗಳಿಗೆ ಚಪ್ಪರ ಎದ್ದರೆ ಈ ಬೇಸಿಗೆಯ ಗಾಳಿ ನಮಗೆ ಸಿಗುತ್ತದೆ.